ಮಗಳು ‘ನಾನು ಈಜಿಪ್ಟಿನ ದೇವತೆ’ ಅನ್ನುತ್ತಾಳೆ, ಏನು ಮಾಡಲಿ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾವು ಮೈಸೂರಿನವರು. ಮಗಳಿಗೆ 23 ವರ್ಷ. ಲಂಡನ್ನಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ, ಹೋಗಿ ಎಂಟು ತಿಂಗಳಾಯಿತು. ಹೋದ ತಿಂಗಳು ಫೋನಿನಲ್ಲಿ ಇದ್ದಕ್ಕಿದ್ದ ಹಾಗೆ, “ಅಮ್ಮಾ, ಬೈಬೇಡ. ನಾನು ನಿನ್ನ ಮಗಳೇ. ಆದ್ರೆ ಒಳಗಿರೋ ಆತ್ಮ ಸೆಖ್ಮೆತ್‌ದು” ಅಂದಳು. ಸೆಖ್ಮೆತ್ ಅಂದ್ರೆ ಸಿಂಹದ ಮುಖದ ಈಜಿಪ್ಟ್ ದೇವತೆಯಂತೆ. ಅವಳ ಹಾಗೆ ಇನ್ನೂ ಎಷ್ಟೋ ಜನ ಇದ್ದಾರಂತೆ. ಓದು, ಪಾರ್ಟ್‌ಟೈಮ್ ಕೆಲಸ ಎರಡೂ ನಡೆದಿದೆ ಅನ್ನುತ್ತಾಳೆ. ನಮ್ಮ ಯಜಮಾನರು ಅವಳ ಜೊತೆ ಎರಡು ದಿನ ಜಗಳವಾಡಿ ಈಗ ಮಾತೇ ಬಿಟ್ಟಿದ್ದಾರೆ. ನನ್ನ ನಾದಿನಿ ಮಾತ್ರ “ಸಿಂಹ ಇದೆ ಅಂದ್ಮೇಲೆ ಅದು ನಮ್ಮ ಚಾಮುಂಡಿನೇ, ಮನೇಲಿ ದೇವಿ ಹುಟ್ಟಿದಾಳೆ” ಅಂತ ಆಗಲೇ ನಾಲ್ಕು ಮನೆಗೆ ಹೇಳಿಬಂದಿದ್ದಾರೆ. ಇದು ಹುಚ್ಚೋ, ಹುಡುಗಾಟವೋ, ಬೇರೆ ಏನೋ? ದೀಪಾವಳಿಗೆ ಬರುತ್ತಾಳೆ. ನಮ್ಮ ದೇವರ ಮನೆಯಲ್ಲಿ ಸಣ್ಣದೊಂದು ಸೆಖ್ಮೆತ್ ಮೂರ್ತಿ ಇಡ್ತೀನಿ ಅಂತಿದ್ದಾಳೆ. ಒಪ್ಪಲಾ?

ಉತ್ತರ: ನಮಸ್ಕಾರ. ನಿಮ್ಮ ಪತ್ರದಲ್ಲಿ ನನಗೆ ಸಮಾಧಾನ ಕೊಟ್ಟ ಮಾತು ಯಾವುದು ಗೊತ್ತಾ? “ಅಮ್ಮಾ, ಬೈಬೇಡ.” ಅಮ್ಮನ ಬೈಗುಳಕ್ಕೆ ಹೆದರುವ ಹುಡುಗಿ ಇನ್ನೂ ನಿಮ್ಮ ಕೈಗೆ ಸಿಗುವ ಜಾಗದಲ್ಲೇ ಇದ್ದಾಳೆ. ತಾನು ಹೇಳಲಿರುವುದು ಬೇರೆಯವರ ಕಿವಿಗೆ ವಿಚಿತ್ರವಾಗಿ ಕೇಳುತ್ತದೆ ಅಂತ ಅವಳಿಗೆ ಗೊತ್ತಿದೆ. ಮನೋವೈದ್ಯನಿಗೆ ಇದು ಸಣ್ಣ ವಿಷಯ ಅಲ್ಲ.

ಆದ್ರೆ ನಾನು ಅವಳನ್ನು ನೋಡಿಲ್ಲ. ರೋಗಿಯನ್ನು ನೋಡದೆ ‘ಇದು ಇಂಥದ್ದೇ’ ಅಂತ ಹೇಳುವ ಡಾಕ್ಟರನ್ನು ನಂಬಬೇಡಿ, ನನ್ನನ್ನೂ ಸೇರಿಸಿ. ನೀವು ಏನನ್ನು ಗಮನಿಸಬೇಕು ಅನ್ನುವುದನ್ನಷ್ಟೇ ನಾನು ಹೇಳಬಲ್ಲೆ.

ಮೊದಲು, ಈ ಮಾತು ಅವಳಿಗೆ ಸಿಕ್ಕಿದ್ದು ಎಲ್ಲಿಂದ ಅಂತ ನೋಡೋಣ. ಅಮೆರಿಕ, ಇಂಗ್ಲೆಂಡ್ ಕಡೆ ‘ಅದರ್‌ಕಿನ್’ ಅಂತ ತಮ್ಮನ್ನು ಕರೆದುಕೊಳ್ಳುವ ಜನ ಇದ್ದಾರೆ. ದೇಹ ಮನುಷ್ಯರದು, ಆದ್ರೆ ಒಳಗಿನ ಜೀವ ಮನುಷ್ಯರದಲ್ಲ ಅನ್ನುವುದು ಅವರ ನಂಬಿಕೆ. 1970ರ ದಶಕದ ಅಮೆರಿಕದಲ್ಲಿ ‘ನಾವು ಎಲ್ಫ್‌ಗಳು’ ಅನ್ನುವ ಸಣ್ಣ ಗುಂಪುಗಳಿದ್ದವು. ಎಲ್ಫ್ ಅಂದ್ರೆ ಯುರೋಪಿನ ಕಥೆಗಳಲ್ಲಿ ಬರುವ ಕಾಡಿನ ಯಕ್ಷರಂಥವರು. ಅದೇ ಬಳಗದವರ ನಡುವೆ 1990ರಲ್ಲಿ ‘ಅದರ್‌ಕಿನ್’ ಅನ್ನುವ ಪದ ಹುಟ್ಟಿತು. ತೋಳ ಅನ್ನುವವರು, ಡ್ರ್ಯಾಗನ್ ಅನ್ನುವವರು, ದೇವದೂತ ಅನ್ನುವವರು ಆಮೇಲೆ ಬಂದು ಸೇರಿಕೊಂಡರು. ನಿಮ್ಮ ಮಗಳ ಹಾಗೆ ಹಳೆಯ ಕಾಲದ ದೇವತೆ ಅನ್ನುವವರಿಗೆ ‘ಗಾಡ್‌ಕಿನ್’ ಅನ್ನುವ ಹೆಸರಿದೆ. ಜೋಸೆಫ್ ಲೇಕಾಕ್‌ರಂಥ ಧರ್ಮಾಧ್ಯಯನದ ವಿದ್ವಾಂಸರು ಇವರ ಬಗ್ಗೆ ಗಂಭೀರವಾಗಿಯೇ ಬರೆದಿದ್ದಾರೆ. ಮೊದಲ ಸಲ ಕೇಳಿದಾಗ ನನಗೂ ನಗು ಬಂದಿತ್ತು, ಸುಳ್ಳು ಹೇಳಲ್ಲ. ಸ್ವಲ್ಪ ಓದಿದ ಮೇಲೆ ಆ ನಗು ನಿಂತಿತು.

ಯಾಕಂದ್ರೆ ಇವರಲ್ಲಿ ಹೆಚ್ಚಿನವರು ತಮ್ಮ ದೇಹ ಮನುಷ್ಯನದ್ದೇ ಅಂತ ಒಪ್ಪುತ್ತಾರೆ. ಕನ್ನಡಿ ನೋಡಿದ್ರೆ ಸಿಂಹದ ಮುಖ ಕಾಣುವುದಿಲ್ಲ. ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾರೆ, ತೆರಿಗೆ ಕಟ್ಟುತ್ತಾರೆ, ನೆಗಡಿಗೆ ಮಾತ್ರೆ ನುಂಗುತ್ತಾರೆ. ಕೆಲವರು ಇದನ್ನು ಪುನರ್ಜನ್ಮ ಅನ್ನುತ್ತಾರೆ. ಕೆಲವರು ‘ಇದು ನನ್ನ ಮನಸ್ಸಿನ ಸ್ವಭಾವ, ಅಷ್ಟೇ’ ಅನ್ನುತ್ತಾರೆ. ಪುನರ್ಜನ್ಮದ ಮಾತು ಆ ಊರುಗಳಿಗೆ ತಲುಪಿದ್ದರಲ್ಲಿ ನಮ್ಮ ಕಡೆಯ ಕೈವಾಡವೂ ಇದೆ ಅನ್ನಿ. 1875ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾಗಿ 1882ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಥಿಯಾಸಫಿಕಲ್ ಸೊಸೈಟಿ ಕರ್ಮ, ಜನ್ಮಾಂತರದ ವಿಚಾರಗಳನ್ನು ಪಶ್ಚಿಮದ ಮನೆಮನೆಗೆ ಮುಟ್ಟಿಸಿತು. ಅಂದ್ರೆ ನಾವು ಕಳಿಸಿದ ಸಾಮಾನೇ ಬೇರೆ ಲೇಬಲ್ ಹಚ್ಚಿಕೊಂಡು ವಾಪಸ್ ಬಂದಿದೆ.

ಈಗ ನಮ್ಮ ಕಡೆ ತಿರುಗೋಣ. ದೇವರು ಮನುಷ್ಯರಾಗುವುದು ನಮಗೇನು ಹೊಸದಾ? ನಿಮ್ಮ ಕಡೆ ಮೈಮೇಲೆ ಮಾರಮ್ಮ ಬರುವುದನ್ನು ನೀವು ನೋಡಿಯೇ ಇರುತ್ತೀರಿ. ನಾನು ಕೆಲಸ ಮಾಡುವುದು ಉಡುಪಿ ಸೀಮೆಯಲ್ಲಿ. ಇಲ್ಲಿ ಸಿರಿ ಜಾತ್ರೆ ಅಂತ ನಡೆಯುತ್ತದೆ. ಕಾರ್ಕಳದ ಹತ್ತಿರ ನಂದಳಿಕೆಯಲ್ಲಿ, ಹಿರಿಯಡ್ಕದಲ್ಲಿ, ಕವತ್ತಾರಿನಲ್ಲಿ. ಸಿರಿ ತುಳುನಾಡಿನ ಪಾಡ್ದನದ, ಅಂದ್ರೆ ಹಾಡಿ ಹೇಳುವ ಕಥೆಯ, ನಾಯಕಿ. ಕೈಹಿಡಿದ ಗಂಡ ಸೂಳೆಯ ಸಹವಾಸ ಮಾಡಿದಾಗ ಸಹಿಸದೆ ‘ಬರ’ ಹೇಳಿ, ಅಂದ್ರೆ ವಿಚ್ಛೇದನ ಕೊಟ್ಟು, ಹೊರಗೆ ನಡೆದವಳು. ಉಜಿರೆ ಹತ್ತಿರದ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್‌ಲ್ಯಾಂಡಿನ ವಿದ್ವಾಂಸ ಲೌರಿ ಹೊಂಕೊ 1990ರಲ್ಲಿ ದಾಖಲಿಸಿಕೊಂಡರು. ಬರೆದಿಟ್ಟಾಗ ಅದು 15,683 ಸಾಲು ಆಯಿತು.

ಜಾತ್ರೆ ಹುಣ್ಣಿಮೆ ರಾತ್ರಿ. ಹೆಂಗಸರು ಸಾಲಾಗಿ ನಿಲ್ಲುತ್ತಾರೆ, ಕೈಯಲ್ಲಿ ಹಿಂಗಾರ. ಪಾಡ್ದನ ಶುರುವಾದ ಮೇಲೆ ಒಬ್ಬೊಬ್ಬರಾಗಿ ತೂಗತೊಡಗುತ್ತಾರೆ. ಒಬ್ಬಳು ಸಿರಿಯಾಗುತ್ತಾಳೆ. ಇನ್ನೊಬ್ಬಳು ಅವಳ ಮಗಳು ಸೊನ್ನೆ, ಮತ್ತೊಬ್ಬಳು ಗಿಂಡೆ, ಬೇರೆಯವರು ಅಬ್ಬಗ, ದಾರಗ. ಸಿರಿಯ ಮಗ ಕುಮಾರನ ಆವೇಶವಾದ ಗಂಡಸು ಎದುರು ನಿಂತು ಹೊಸಬಳನ್ನು ಕೇಳುತ್ತಾನೆ, ‘ನೀನು ಯಾರು? ಹೆಸರು ಹೇಳು.’ ಹೆಸರು ಬಾಯಿಗೆ ಬರುವ ತನಕ ಬಿಡುವುದಿಲ್ಲ. ಮನೆಯವರು ಅಲ್ಲೇ ಪಕ್ಕದಲ್ಲಿ ನಿಂತಿರುತ್ತಾರೆ. ಮನೆಯ ಜಗಳ, ಹೇಳಿಕೊಳ್ಳಲಾಗದ ದುಃಖ, ಎಲ್ಲ ಅಲ್ಲಿ ಬಾಯಿಗೆ ಬರುತ್ತದೆ.

ನನಗೆ ಹೆಚ್ಚು ಇಷ್ಟವಾಗುವುದು ಮರುದಿನ ಬೆಳಗ್ಗೆ. ರಾತ್ರಿಯಿಡೀ ಸಿರಿಯಾಗಿದ್ದವರೊಬ್ಬರು ಗದ್ದೆ ಬದಿಯ ಅಂಗಡಿ ಬೆಂಚಿನ ಮೇಲೆ ಕೂತು, ಗಾಜಿನ ಲೋಟದ ಚಹಾ ಊದಿಕೊಂಡು ಕುಡಿಯುತ್ತಿದ್ದರು. ಕೆದರಿದ ಕೂದಲಲ್ಲಿ ಹಿಂಗಾರದ ಎರಡು ಕಾಳು ಇನ್ನೂ ಸಿಕ್ಕಿಕೊಂಡಿದ್ದವು. “ಮೊದಲ ಬಸ್ಸು ಎಷ್ಟು ಗಂಟೆಗೆ ಮಾರಾಯ್ರೆ?” ಅಂತ ನನ್ನನ್ನೇ ಕೇಳಿದರು. ಮನೆಯಲ್ಲಿ ದನ ಕರೆಯಬೇಕಿತ್ತಂತೆ.

ನೋಡಿ, ನಾನು ಹೇಳಬೇಕು ಅಂತಿರುವುದು ಇಷ್ಟೇ. ದೇವರು ಬಂದರಾ ಅನ್ನುವುದು ನನ್ನ ಪ್ರಶ್ನೆ ಅಲ್ಲ. ಬಂದ ದೇವರು ಇಳಿಯುತ್ತಾರಾ? ದನ ಕರೆಯುವ ಹೊತ್ತಿಗೆ ಮನುಷ್ಯಳು ಮನೆ ತಲುಪುತ್ತಾಳಾ? ಭೂತಕೋಲದಲ್ಲೂ ಅಷ್ಟೇ. ವೇಷ ಕಟ್ಟುವವನು ಊರವರ ಅಪ್ಪಣೆ ಪಡೆದು ಕಾಲಿಗೆ ಗಗ್ಗರ ಕಟ್ಟುತ್ತಾನೆ, ದೈವವಾಗಿ ನುಡಿ ಕೊಡುತ್ತಾನೆ, ಮುಗಿದ ಮೇಲೆ ಬಿಚ್ಚುತ್ತಾನೆ, ಮುಖದ ಬಣ್ಣ ಒರೆಸಿಕೊಂಡು ಊಟಕ್ಕೆ ಕೂರುತ್ತಾನೆ. ಏರಲು ಒಂದು ದಾರಿ ಇದೆ, ಇಳಿಯಲೂ ಒಂದು ದಾರಿ ಇದೆ. ಸುತ್ತ ನೋಡಿಕೊಳ್ಳುವ ಜನ ಇದ್ದಾರೆ. ನಿಮ್ಮ ಮಗಳಿಗೆ ಲಂಡನ್ನಿನ ಒಂಟಿ ರೂಮಿನಲ್ಲಿ ಈ ಯಾವ ವ್ಯವಸ್ಥೆಯೂ ಇಲ್ಲ. ಅವಳ ಜೊತೆ ಇರುವವರೆಲ್ಲ ಅವಳ ಹಾಗೆ ನಂಬಿದವರೇ ಅಥವಾ ನಗುವವರೇ. ‘ನೀನು ಯಾರು, ಹೆಸರು ಹೇಳು’ ಅಂತ ಕೇಳಿ, ಬೆಳಗಾಗುವ ಹೊತ್ತಿಗೆ ಕೈಹಿಡಿದು ಕೆಳಗಿಳಿಸುವ ಕುಮಾರ ಅವಳಿಗಿಲ್ಲ. ನನಗೆ ಕಳವಳ ಆಗುವುದು ಅದಕ್ಕೆ, ಸೆಖ್ಮೆತ್‌ಗೆ ಅಲ್ಲ.

ಒಂದು ವ್ಯತ್ಯಾಸ ಹೇಳಲೇಬೇಕು. ಮೈಮೇಲೆ ಬರುವುದು ಸ್ವಲ್ಪ ಹೊತ್ತಿನ ಮಾತು. ನಿಮ್ಮ ಮಗಳು ಹೇಳುತ್ತಿರುವುದು ಇಪ್ಪತ್ನಾಲ್ಕು ಗಂಟೆಯ ಗುರುತು. ಹಾಗಾಗಿ ಇಳಿಯುವುದು ಅಂದ್ರೆ ಅವಳ ವಿಷಯದಲ್ಲಿ ನಂಬಿಕೆ ಬಿಡುವುದು ಅಂತ ನಾನು ಹೇಳುತ್ತಿಲ್ಲ. ದೇವತೆ ಅನ್ನುವ ಗುರುತನ್ನು ಪಕ್ಕಕ್ಕಿಟ್ಟು ಬಾಡಿಗೆ ಕಟ್ಟುವುದು, ಸಾರಿಗೆ ಉಪ್ಪು ಹಾಕುವುದು, ಗೆಳತಿಯ ತಮಾಷೆಗೆ ನಗುವುದು ಇವೆಲ್ಲ ಆಗುತ್ತಿದೆಯಾ, ಅಷ್ಟೇ.

ಇಳಿಯದಿದ್ದರೆ ಹೇಗಿರುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ನಲವತ್ತರ ಆಸುಪಾಸಿನವರು. ತಮ್ಮ ಕರೆದುಕೊಂಡು ಬಂದಿದ್ದ. ಒಳಗೆ ಬಂದವರೇ ನಮ್ಮ ನರ್ಸಮ್ಮನ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದರು. ತಾನು ವೀರಭದ್ರ, ಲೋಕದ ಲೆಕ್ಕ ಚುಕ್ತಾ ಮಾಡಲು ಬಂದಿದ್ದೇನೆ ಅಂದರು. ಮಾತಿಗೆ ಬ್ರೇಕೇ ಇಲ್ಲ. ಎಂಟು ದಿನದಿಂದ ರಾತ್ರಿ ಎರಡು ಗಂಟೆ ನಿದ್ದೆ, ಆದ್ರೂ ಸುಸ್ತಿಲ್ಲ. ಅಂಗಡಿಯ ರೇಷ್ಮೆ ಸೀರೆಗಳನ್ನು ಬೀದಿಯಲ್ಲಿ ಹೋಗುವವರಿಗೆಲ್ಲ ಕರೆದು ಕರೆದು ಹಂಚಿದ್ದರು. ಅದು ಮೇನಿಯಾ, ಮನಸ್ಸಿನ ಹುಮ್ಮಸ್ಸು ಹಿಡಿತ ಮೀರುವ ಕಾಯಿಲೆ. ಲಿಥಿಯಂ, ಜೊತೆಗೆ ಇನ್ನೊಂದು ಮಾತ್ರೆ, ಎರಡು ವಾರ ಅಡ್ಮಿಷನ್. ಮೂರು ತಿಂಗಳ ಮೇಲೆ ಫಾಲೋಅಪ್‌ಗೆ ಬಂದವರು ತಲೆ ತಗ್ಗಿಸಿ ಮೆಲ್ಲಗೆ ಕೇಳಿದರು, “ಡಾಕ್ಟ್ರೇ, ಆ ಸೀರೆಗಳನ್ನ ವಾಪಸ್ ಕೇಳಿದ್ರೆ ತಪ್ಪಾಗ್ತದಾ?”

ಅವರು ವೀರಭದ್ರ ಅಂದಿದ್ದರಿಂದ ನಾನು ಕಾಯಿಲೆ ಅನ್ನಲಿಲ್ಲ. ಪ್ರಧಾನಮಂತ್ರಿ ಅಂದಿದ್ದರೂ, ದೊಡ್ಡ ಕಂಪನಿ ಮಾಲೀಕ ಅಂದಿದ್ದರೂ ಲಿಥಿಯಂ ಅದೇ. ನಿದ್ದೆ, ಮಾತಿನ ವೇಗ, ದುಡ್ಡು, ಇದ್ದಕ್ಕಿದ್ದಂತೆ ಬದಲಾದ ಮನುಷ್ಯ, ಇವುಗಳಿಂದ ಕಾಯಿಲೆ ಗೊತ್ತಾಯಿತು. ದೇವರ ಹೆಸರು ಅದಕ್ಕೆ ಹಾಕಿದ ಅಂಗಿ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿ 2022ರಿಂದ ಜಾರಿಯಲ್ಲಿದೆ. ಆ ಪಟ್ಟಿಯೇ ಹೇಳುತ್ತದೆ, ಒಂದು ಸಮುದಾಯದ ಆಚರಣೆಯೊಳಗೆ ಮೈಮೇಲೆ ಬರುವುದನ್ನು ಕಾಯಿಲೆ ಅನ್ನಬಾರದು ಅಂತ. ಬೇಡವೆಂದರೂ ಬರುವುದು, ಬಂದು ಬಾಳನ್ನು ಕೆಡಿಸುವುದು, ಆಗ ಮಾತ್ರ ಅದು ನಮ್ಮ ಇಲಾಖೆ.

ಇನ್ನು ನಿಮ್ಮ ಯಜಮಾನರ ಜಗಳದ ವಿಷಯ. ಅವರ ಸಂಕಟ ಅರ್ಥವಾಗುತ್ತದೆ. ಆದ್ರೆ ವಾದ ಮಾಡಿ ಇದನ್ನು ಬಿಡಿಸಲು ಆಗುವುದಿಲ್ಲ. ಇದನ್ನು ನಮ್ಮ ಕಸುಬಿನವರೇ ಬಹಳ ಕೆಟ್ಟ ರೀತಿಯಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. 1959ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಆಸ್ಪತ್ರೆಯಲ್ಲಿ ಮಿಲ್ಟನ್ ರೋಕೀಚ್ ಅನ್ನುವ ಮನಶ್ಶಾಸ್ತ್ರಜ್ಞ ಮೂವರು ರೋಗಿಗಳನ್ನು ಒಟ್ಟಿಗೆ ಇರಿಸಿದರು. ಮೂವರೂ ತಾನೇ ಯೇಸು ಕ್ರಿಸ್ತ ಅನ್ನುತ್ತಿದ್ದವರು. ಇಬ್ಬರು ಕ್ರಿಸ್ತರು ಇರಲು ಸಾಧ್ಯವಿಲ್ಲವಲ್ಲ, ಎದುರಾಬದುರು ಕೂರಿಸಿದ್ರೆ ಒಬ್ಬರಾದರೂ ಬಿಟ್ಟುಕೊಡುತ್ತಾರೆ ಅನ್ನುವುದು ಅವರ ಲೆಕ್ಕ. ಎರಡು ವರ್ಷ ಹಾಗೇ ನಡೆಸಿದರು. ಮೊದಮೊದಲು ಹೊಡೆದಾಟವೂ ಆಯಿತು. ಆಮೇಲೆ ಪ್ರತಿಯೊಬ್ಬರೂ ಉಳಿದಿಬ್ಬರಿಗೆ ಒಂದೊಂದು ವಿವರಣೆ ಹುಡುಕಿಕೊಂಡರು. ಒಬ್ಬರಂತೂ, ಇವರು ಸತ್ತಿದ್ದಾರೆ, ಒಳಗಿನ ಯಂತ್ರ ಮಾತಾಡುತ್ತಿದೆ ಅಂದರು. ರೋಕೀಚ್ ಒಬ್ಬ ರೋಗಿಗೆ ಅವನ ಕಲ್ಪನೆಯ ಹೆಂಡತಿಯ ಹೆಸರಿನಲ್ಲಿ ಸುಳ್ಳು ಕಾಗದ ಕೂಡ ಬರೆದರು. ಆ ಪಾಪದವನು ಕಾಗದ ನಂಬಿ ಅವಳನ್ನು ಕಾಯುತ್ತಾ ಹೋಗಿ ನಿಂತ. ಕೊನೆಗೆ ಮೂವರಲ್ಲಿ ಒಬ್ಬರಿಗೂ ಗುಣವಾಗಲಿಲ್ಲ. ಸುಮಾರು ಇಪ್ಪತ್ತು ವರ್ಷದ ಮೇಲೆ ರೋಕೀಚ್ ತಪ್ಪೊಪ್ಪಿಕೊಂಡರು. ಅವರ ಭ್ರಮೆ ಬಿಡಿಸಲು ತನ್ನಿಂದ ಆಗಲಿಲ್ಲ, ತಾನೇ ದೇವರು ಅಂತ ತನಗಿದ್ದ ಭ್ರಮೆಯನ್ನು ಅವರು ಬಿಡಿಸಿದರು ಅನ್ನುವ ಅರ್ಥದಲ್ಲಿ ಬರೆದರು.

ನಿಮ್ಮ ಯಜಮಾನರಿಗೆ ಈ ಕಥೆ ಓದಿ ಹೇಳಿ. “ನೀನು ದೇವತೆ ಅಲ್ಲ” ಅಂತ ಸಾಧಿಸುವ ಕೆಲಸ ಬಿಡಲಿ. “ಊಟ ಆಯ್ತಾ ಪುಟ್ಟಿ?” ಅಂತ ಕೇಳಲಿ. ಮಾತು ಬಿಟ್ಟರೆ, ಅವಳು ಇಳಿಯಬೇಕು ಅಂದುಕೊಂಡ ದಿನ ಇಳಿಯಲು ಮೆಟ್ಟಿಲು ಇರಲ್ಲ.

ನಿಮ್ಮ ನಾದಿನಿಯವರ ವಿಷಯಕ್ಕೆ ಬರುತ್ತೇನೆ. ಬೇಜಾರಾದ್ರೂ ಹೇಳುತ್ತೇನೆ, ಅಪ್ಪನ ಜಗಳಕ್ಕಿಂತ ನನಗೆ ಭಯ ಇವರದ್ದು. ‘ಅಲ್ಲ’ ಅನ್ನುವವರಿಂದ ಹುಡುಗಿ ದೂರ ಹೋಗುತ್ತಾಳೆ. ‘ಹೌದು ಹೌದು’ ಅಂತ ಕಾಲಿಗೆ ಬೀಳುವವರು ಅವಳನ್ನು ಅಲ್ಲೇ ಕಟ್ಟಿಹಾಕುತ್ತಾರೆ. ಭಾಗವತದ ಪೌಂಡ್ರಕನನ್ನು ನೆನಪಿಸಿಕೊಳ್ಳಿ. ಕರೂಷದ ರಾಜ. ಸುತ್ತಮುತ್ತಲಿನವರು ‘ನೀನೇ ವಾಸುದೇವ’ ಅಂತ ಹೊಗಳಿ ಹೊಗಳಿ ಅವನು ನಂಬಿಯೇಬಿಟ್ಟ. ಮರದ್ದೋ ಲೋಹದ್ದೋ ಒಂದು ಶಂಖ, ಒಂದು ಚಕ್ರ ಮಾಡಿಸಿಕೊಂಡ. ‘ನಿಜವಾದ ವಾಸುದೇವ ನಾನು, ನನ್ನ ಚಿಹ್ನೆಗಳನ್ನು ಬಿಟ್ಟುಬಿಡು’ ಅಂತ ದ್ವಾರಕೆಗೆ ದೂತನನ್ನು ಕಳಿಸಿದ. ಕೃಷ್ಣ ಬಂದು ನೋಡಿದರೆ ನಾಟಕದ ವೇಷ ಹಾಕಿದವನ ಹಾಗೆ ನಿಂತಿದ್ದ. ಪಾಪ, ತಲೆ ಹೋಯಿತು. ಹೊಗಳಿದವರ ಗತಿ ಏನಾಯಿತು ಅಂತ ಭಾಗವತ ತಲೆ ಕೆಡಿಸಿಕೊಳ್ಳುವುದಿಲ್ಲ. ಅಂಥವರು ಯಾವಾಗಲೂ ಬಚಾವು.

ಇದರ ಎದುರಿಗೆ ರಾಮನನ್ನು ಇಟ್ಟು ನೋಡಿ. ವಾಲ್ಮೀಕಿಯಲ್ಲಿ, ರಾವಣ ಸತ್ತ ಮೇಲೆ, ಸೀತೆ ಬೆಂಕಿಗೆ ಇಳಿದ ಹೊತ್ತಿಗೆ ದೇವತೆಗಳೆಲ್ಲ ವಿಮಾನದಲ್ಲಿ ಬಂದು ‘ನೀನು ದೇವರು, ಸಾಮಾನ್ಯ ಮನುಷ್ಯನ ಹಾಗೆ ನಡೆದುಕೊಳ್ಳಬಹುದಾ?’ ಅನ್ನುತ್ತಾರೆ. ರಾಮ ಏನನ್ನುತ್ತಾನೆ? ನಾನು ನನ್ನನ್ನು ಮನುಷ್ಯ ಅಂತಲೇ ತಿಳಿದಿದ್ದೇನೆ, ದಶರಥನ ಮಗ ರಾಮ ಅಂತ. ಬ್ರಹ್ಮನೇ ಬಂದು ಹೇಳಿದಾಗಲೂ ಅಪ್ಪನ ಹೆಸರು ಹೇಳಿಕೊಂಡ. ನಿಮ್ಮ ಮಗಳೂ “ನಾನು ನಿನ್ನ ಮಗಳೇ” ಅನ್ನುವುದನ್ನು ಮೊದಲು ಹೇಳಿ ಸೆಖ್ಮೆತ್ ಹೆಸರನ್ನು ಆಮೇಲೆ ತೆಗೆದಳು. ಆ ಕ್ರಮ ಹಾಗೇ ಉಳಿಯಲಿ.

ಬೇರೆಯವರು ದೇವರು ಮಾಡಿದರೆ ಎಷ್ಟು ಭಾರ ಅನ್ನುವುದಕ್ಕೆ ತೀರಾ ಹಳೆಯದಲ್ಲದ ಸಾಕ್ಷಿ ಇದೆ. ನಮ್ಮ ಗಡಿಗೆ ಹತ್ತಿರವೇ ಇರುವ ಮದನಪಲ್ಲಿಯಲ್ಲಿ 1895ರಲ್ಲಿ ಹುಟ್ಟಿದ ಜಿಡ್ಡು ಕೃಷ್ಣಮೂರ್ತಿ. 1909ರಲ್ಲಿ ಅಡ್ಯಾರಿನ ಸಮುದ್ರ ದಂಡೆಯಲ್ಲಿ ಆ ಬಡಕಲು ಹುಡುಗನನ್ನು ಥಿಯಾಸಫಿಯ ಲೆಡ್‌ಬೀಟರ್ ನೋಡಿದರು. ಅವರು ಕಾಯುತ್ತಿದ್ದ ಲೋಕಗುರು ಮೈತ್ರೇಯ ಈ ಹುಡುಗನ ದೇಹದಲ್ಲಿ ಬರುತ್ತಾನೆ ಅಂದರು. 1911ರಲ್ಲಿ ಅವನಿಗಾಗಿಯೇ ಒಂದು ಸಂಘ ಕಟ್ಟಿದರು. ಲೋಕದ ನಾನಾ ದೇಶಗಳಲ್ಲಿ ಸಾವಿರಾರು ಸದಸ್ಯರು, ಜಮೀನು, ಹಾಲೆಂಡಿನಲ್ಲಿ ಒಂದು ಕೋಟೆಮನೆ. ಹದಿಮೂರು ಹದಿನಾಲ್ಕರ ಹುಡುಗ ಏನು ಹೇಳಿಯಾನು? ಇಳಿಯಲು ಅವರಿಗೆ ಇಪ್ಪತ್ತು ವರ್ಷ ಬೇಕಾಯಿತು. 1929ರ ಆಗಸ್ಟ್ 3ರಂದು ಹಾಲೆಂಡಿನ ಓಮ್ಮೆನ್‌ನಲ್ಲಿ, ಸುಮಾರು 3,000 ಜನರ ಎದುರು, ತನಗಾಗಿ ಕಟ್ಟಿದ ಸಂಘವನ್ನು ತಾನೇ ವಿಸರ್ಜನೆ ಮಾಡಿದರು. ಜನ ಕೊಟ್ಟಿದ್ದ ಆಸ್ತಿಯನ್ನು ವಾಪಸ್ ಕೊಟ್ಟರು. ಎಲ್ಲರಿಗೂ ಆ ಗಟ್ಟಿತನ ಇರಲ್ಲ.

ನೇಪಾಳದ ಕುಮಾರಿಯರನ್ನೂ ನೋಡಿ. ನೇವಾರ ಸಮುದಾಯದ ಶಾಕ್ಯ ಮನೆತನದ ಪುಟ್ಟ ಹುಡುಗಿಯನ್ನು ತಲೇಜು ದೇವಿ ಅಂತ ಆರಿಸಿ, ಕಾಠ್ಮಂಡುವಿನಲ್ಲಿ 1757ರಲ್ಲಿ ಕಟ್ಟಿದ ಕುಮಾರಿ ಮನೆಯಲ್ಲಿ ಇರಿಸುತ್ತಾರೆ. ಹೊರಗೆ ಬಂದಾಗ ಕಾಲು ನೆಲಕ್ಕೆ ತಾಗುವ ಹಾಗಿಲ್ಲ. ಮೈನೆರೆದಾಗ ದೇವಿ ಹೊರಟುಹೋದಳು ಅಂತ ಮನೆಗೆ ಕಳಿಸುತ್ತಾರೆ. ಮಾಜಿ ಕುಮಾರಿಯರು ಹೇಳಿಕೊಂಡಿದ್ದಾರೆ, ಬೀದಿಯಲ್ಲಿ ಎಲ್ಲರ ಹಾಗೆ ನಡೆಯುವುದನ್ನೇ ಹೊಸದಾಗಿ ಕಲಿಯಬೇಕಾಯಿತು ಅಂತ. ಇಳಿಯುವ ದಾರಿ ಪದ್ಧತಿಯಲ್ಲೇ ಇದ್ದೂ ಅಷ್ಟು ಕಷ್ಟ. ಹಾಗಾಗಿ ದಯವಿಟ್ಟು ನಾದಿನಿಗೆ ಗಟ್ಟಿಯಾಗಿ ಹೇಳಿ. ದೀಪಾವಳಿಗೆ ಹುಡುಗಿ ಬಂದಾಗ ದರ್ಶನಕ್ಕೆ ಅಂತ ಒಬ್ಬರೂ ಬರಕೂಡದು. ಹಣ್ಣುಕಾಯಿ ತಟ್ಟೆ ಬಾಗಿಲು ದಾಟಕೂಡದು.

ಅವಳು ಮಾತಿನ ನಡುವೆ ‘ನೀವೇ ಅಹಂ ಬ್ರಹ್ಮಾಸ್ಮಿ ಅಂತೀರಲ್ಲ’ ಅಂತ ನಿಮ್ಮನ್ನು ಕಟ್ಟಿಹಾಕಬಹುದು. ಓದಿದ ಮಕ್ಕಳು ಇದನ್ನು ತಪ್ಪದೆ ಹೇಳುತ್ತಾರೆ. ಹೌದು, ಬೃಹದಾರಣ್ಯಕದಲ್ಲಿದೆ. ಆದ್ರೆ ಅದು ‘ನಾನೊಬ್ಬಳೇ’ ಅನ್ನುವ ಮಾತಲ್ಲ. ಹಾಲು ತರುವವನೂ ಬ್ರಹ್ಮ, ಮನೆ ಕೆಲಸದವರೂ ಬ್ರಹ್ಮ, ನಾದಿನಿಯೂ ಬ್ರಹ್ಮ. ಇದನ್ನು ವಾದಕ್ಕೆ ಬಳಸಬೇಡಿ, ಸುಮ್ನೆ ನಿಮ್ಮ ತಿಳುವಳಿಕೆಗೆ ಹೇಳಿದೆ.

ಈಗ ಕೆಲಸದ ಮಾತು. ಮುಂದಿನ ಫೋನಿನಲ್ಲಿ ದೇವತೆ ವಿಷಯ ನೀವಾಗಿ ಎತ್ತಬೇಡಿ. ನಿದ್ದೆ ಕೇಳಿ. ರಾತ್ರಿ ಎಷ್ಟು ಗಂಟೆಗೆ ಮಲಗ್ತೀಯ, ಎಷ್ಟಕ್ಕೆ ಏಳ್ತೀಯ ಅಂತ ಅಮ್ಮನಾಗಿ ಕೇಳಿದ್ರೆ ಅನುಮಾನ ಬರಲ್ಲ. ಮೂರು ಗಂಟೆ ಮಲಗಿ ಹುಮ್ಮಸ್ಸಿನಲ್ಲಿದ್ದರೆ ಅದು ಮೊದಲ ಸೂಚನೆ. ಬಾಡಿಗೆ ಕಟ್ಟಿದ್ದಾಳಾ, ದುಡ್ಡು ಎಲ್ಲಾದರೂ ಸುರಿದಿದ್ದಾಳಾ, ಕ್ಲಾಸಿಗೆ ನಿಜವಾಗಿ ಹೋಗುತ್ತಿದ್ದಾಳಾ, ವಾರದಲ್ಲಿ ಒಬ್ಬ ಸ್ನೇಹಿತೆಯನ್ನಾದರೂ ಮುಖತಃ ಭೇಟಿಯಾಗುತ್ತಾಳಾ ನೋಡಿ. ಗಾಂಜಾ ವಿಷಯವನ್ನೂ ನಾಚಿಕೆ ಬಿಟ್ಟು ಕೇಳಿ. ಈ ವಯಸ್ಸಿನಲ್ಲಿ, ಪರದೇಶದಲ್ಲಿ, ನಮಗೆ ಅದು ಮುಖ್ಯ. ಇಪ್ಪತ್ತರ ಆಸುಪಾಸು ಸೈಕೋಸಿಸ್ (ನಿಜ ಯಾವುದು, ಭ್ರಮೆ ಯಾವುದು ಗೊತ್ತಾಗದಿರುವುದು), ಬೈಪೋಲಾರ್ (ಮನಸ್ಸು ಅತಿಯಾಗಿ ಏರಿ ಇಳಿಯುವುದು) ಮೊದಲ ಸಲ ತಲೆ ಎತ್ತುವ ವಯಸ್ಸು. ಥೈರಾಯ್ಡ್ ಏರುಪೇರು, ಒಂದು ಬಗೆಯ ಫಿಟ್ಸ್, ಅಪರೂಪಕ್ಕೆ ಮಿದುಳಿನ ಉರಿಯೂತ ಕೂಡ ಹೀಗೆ ಶುರುವಾಗಬಹುದು. ಅದಕ್ಕೇ ಡಾಕ್ಟರರು ರಕ್ತ ಪರೀಕ್ಷೆ ಅಂದ್ರೆ ‘ಮನಸ್ಸಿಗೆ ರಕ್ತ ಯಾಕೆ’ ಅನ್ನಬೇಡಿ.

ಸೆಖ್ಮೆತ್ ಅವಳಿಗೆ ಕಿವಿಯಲ್ಲಿ ಅಪ್ಪಣೆ ಕೊಡುತ್ತಾಳಾ? ಇದೊಂದು ಪ್ರಶ್ನೆ ನೇರವಾಗಿ ಕೇಳಬೇಕು. ‘ನಾನು ಅವಳ ಅಂಶ ಅನ್ನಿಸುತ್ತೆ’ ಅನ್ನುವುದು ಬೇರೆ. ‘ಊಟ ಬಿಡು ಅಂದಳು, ಆ ಮನುಷ್ಯನಿಗೆ ಬುದ್ಧಿ ಕಲಿಸು ಅಂದಳು, ನನಗೆ ಸಾವಿಲ್ಲ ಅಂದಳು’ ಅನ್ನುವುದು ಬೇರೆ. ಎರಡನೆಯದು ಕೇಳಿಬಂದರೆ ದೀಪಾವಳಿ ತನಕ ಕಾಯಬೇಡಿ, ಅವತ್ತೇ ಹೆಜ್ಜೆ ಇಡಿ. ಇಂಗ್ಲೆಂಡಿನಲ್ಲಿ 111 ನಂಬರಿಗೆ ಫೋನ್ ಮಾಡಿ 2 ಒತ್ತಿದರೆ ಮನಸ್ಸಿನ ಆರೋಗ್ಯದ ತುರ್ತು ತಂಡ ಸಿಗುತ್ತದೆ. ಜೀವಕ್ಕೆ ಅಪಾಯ ಅನ್ನಿಸಿದರೆ 999. ತುರ್ತು ಇಲ್ಲದಿದ್ದರೆ ಅವಳು ಹೆಸರು ನೋಂದಾಯಿಸಿರುವ ಜಿ.ಪಿ., ಅಂದ್ರೆ ಅಲ್ಲಿನ ಫ್ಯಾಮಿಲಿ ಡಾಕ್ಟರು, ಅಥವಾ ಯೂನಿವರ್ಸಿಟಿಯ ಕೌನ್ಸೆಲಿಂಗ್ ವಿಭಾಗ. ಮೊದಲ ಸಲದ ಸೈಕೋಸಿಸ್‌ಗೆ ಅಂತಲೇ ಅಲ್ಲಿ ಪ್ರತ್ಯೇಕ ತಂಡಗಳಿವೆ. ವಾರಗಟ್ಟಲೆ ತಡವಾದಷ್ಟೂ ಗುಣವಾಗುವುದು ಕಷ್ಟ, ಅದಕ್ಕೆ ಆ ವ್ಯವಸ್ಥೆ. ಇಲ್ಲಿ ನಿಮಗೇ ರಾತ್ರಿ ನಿದ್ದೆ ಬರದಿದ್ದರೆ ಸರ್ಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ನೀವೂ ಒಬ್ಬ ಮನುಷ್ಯರು ಅಲ್ವಾ.

ಇದ್ಯಾವುದೂ ಇಲ್ಲ, ನಿದ್ದೆ, ಓದು, ಕೆಲಸ ಎಲ್ಲ ಸರಿಯಿದೆ ಅಂತಾದರೆ? ಹಾಗಿದ್ದರೆ ಅವಳ ಜೊತೆ ಕುತೂಹಲದಿಂದ ಮಾತಾಡಿ. ಸೆಖ್ಮೆತ್ ಯಾಕೆ? ಸಾವಿರ ದೇವತೆಗಳಿದ್ದಾರೆ, ಇವಳೇ ಯಾಕೆ? ಪುರಾತನ ಈಜಿಪ್ಟಿನ ಮೆಂಫಿಸ್ ಪಟ್ಟಣದ ದೇವತೆ ಇವಳು, ಪ್ತಾಹ್‌ನ ಹೆಂಡತಿ. ಸಿಟ್ಟಿನವಳು, ರೋಗ ತರುವವಳು. ಆದ್ರೆ ಅವಳ ಪೂಜಾರಿಗಳು ವೈದ್ಯರೂ ಆಗಿದ್ದರು. ರೋಗ ಕಳಿಸುವವಳೇ ರೋಗ ತೆಗೆಯುವವಳು, ನಮ್ಮ ಮಾರಮ್ಮನ ಹಾಗೆ. ಸುಮಾರು 3,400 ವರ್ಷದ ಹಿಂದೆ ಮೂರನೇ ಅಮೆನ್‌ಹೊಟೆಪ್ ಅನ್ನುವ ರಾಜ ಅವಳ ಕರಿಗಲ್ಲಿನ ವಿಗ್ರಹಗಳನ್ನು ನೂರಾರು ಸಂಖ್ಯೆಯಲ್ಲಿ ಕಡೆಸಿದ. ಅವುಗಳಲ್ಲಿ ಕೆಲವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲೇ ಇವೆ. ಹೊಸ ಊರಿನಲ್ಲಿ, ಒಬ್ಬಳೇ, ಯಾವುದೋ ಒಂದು ಕೆಟ್ಟ ದಿನ ಮಗಳು ಆ ಕಲ್ಲಿನ ಸಿಂಹಿಣಿಯ ಎದುರು ನಿಂತಿದ್ದಳಾ? ನನಗೆ ಗೊತ್ತಿಲ್ಲ, ನೀವು ಕೇಳಬಹುದು. 23ರ ಹುಡುಗಿ ಸಿಟ್ಟಿನ ದೇವತೆಯನ್ನು ಆರಿಸಿಕೊಂಡಿದ್ದಾಳೆ ಅಂದ್ರೆ ಆ ಸಿಟ್ಟು ಯಾರ ಮೇಲೆ ಅಂತ ನಾನಾಗಿದ್ದರೆ ಮೊದಲು ಯೋಚಿಸುತ್ತಿದ್ದೆ. ಅಲ್ಲಿ ಯಾರಾದರೂ ಅವಳಿಗೆ ನೋವು ಮಾಡಿದ್ದಾರಾ? ಸಿರಿಯ ಮುಂದೆ ನಿಂತ ಹೆಂಗಸರ ಬಾಯಲ್ಲಿ ಬರುವುದೂ ಹೆಚ್ಚಾಗಿ ಅದೇ. ದೇವತೆಯ ಬಾಯಿಂದ ಬಂದರೆ ಜನ ಕೇಳಿಸಿಕೊಳ್ಳುತ್ತಾರೆ ಅನ್ನುವುದು ಅವರಿಗೆ ಗೊತ್ತು. ಹುಡುಗಿ ತನ್ನದೇ ಬಾಯಿಂದ ಹೇಳಿದರೂ ಕೇಳಿಸಿಕೊಳ್ಳುವ ಮನೆ ನಿಮ್ಮದಾಗಿದೆಯಾ, ಒಮ್ಮೆ ಯೋಚಿಸಿ.

ಕೊನೆಗೆ ಮೂರ್ತಿ. ಇಡಲಿ ಬಿಡಿ. ನಿಮ್ಮ ಮನೆದೇವರಿಗೆ ಇದರಿಂದ ಬೇಜಾರಾಗುತ್ತದೆ ಅಂತ ನನಗನ್ನಿಸಲ್ಲ. ನಮ್ಮ ದೇವರ ಮನೆಗಳಲ್ಲಿ ಕ್ಯಾಲೆಂಡರಿನಿಂದ ಕತ್ತರಿಸಿದ ದೇವರುಗಳೇ ಎಷ್ಟೋ ಇರುತ್ತವೆ. ಒಂದೇ ಷರತ್ತು ಹಾಕಿ, ಪೀಠ ಅವಳೇ ಒರೆಸಬೇಕು, ಹೂವು ಅವಳೇ ಬಿಡಿಸಿ ತರಬೇಕು. ಮೂರ್ತಿ ಪೀಠದ ಮೇಲೆ, ಮಗಳು ಪೀಠದ ಕೆಳಗೆ ಬಟ್ಟೆ ಹಿಡಿದುಕೊಂಡು.

ಹಬ್ಬದ ಗಲಾಟೆ ಮುಗಿದ ರಾತ್ರಿ ಇಬ್ಬರೇ ಅಡುಗೆಮನೆಯಲ್ಲಿ ಕೂತಾಗ, “ನಿನ್ನ ಸೆಖ್ಮೆತ್‌ದು ಏನೋ ಬಿಯರ್ ಕಥೆ ಇದೆಯಂತಲ್ಲ, ಹೇಳೇ” ಅನ್ನಿ. ಅವಳಿಗೆ ಖಂಡಿತ ಗೊತ್ತಿರುತ್ತದೆ. ಸೂರ್ಯದೇವ ರಾ ಮನುಷ್ಯರ ಮೇಲೆ ಸಿಟ್ಟಾಗಿ ಇವಳನ್ನು ಕಳಿಸಿದ. ಇವಳು ಕೊಲ್ಲಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ರಾ ಕೊನೆಗೆ ಗಾಬರಿಯಾಗಿ 7,000 ಕೊಡ ಬಿಯರಿಗೆ ಕೆಮ್ಮಣ್ಣು ಕಲಸಿ ರಾತ್ರೋರಾತ್ರಿ ಹೊಲಗಳಿಗೆ ಸುರಿಸಿದ. ಬೆಳಗ್ಗೆ ಬಂದವಳು ರಕ್ತ ಅಂದುಕೊಂಡು ಕುಡಿದಳು. ಕುಡಿದು ಅಮಲೇರಿ, ಯಾರನ್ನು ಕೊಲ್ಲಬೇಕಿತ್ತು ಅನ್ನುವುದೇ ಮರೆತು ಮನೆಗೆ ಹೋದಳು. ಇಡೀ ಮನುಷ್ಯಕುಲ ಉಳಿದಿದ್ದು ಹಾಗೆ.

ಈ ಕಥೆ ಹೇಳುವಾಗ ಅವಳ ಮುಖ ನೋಡಿ. ನಡುವೆ ಒಂದು ಕಡೆಯಾದರೂ ಅವಳಿಗೆ ನಗು ಬಂತಾ ಅಂತ ನನಗೊಂದು ಸಾಲು ಬರೆಯಿರಿ.